ಬ್ರೆಡ್ಡಿನ ಬಣ್ಣಕ್ಕೆ ಮರುಳಾಗದಿರಿ

ಜೋಳದ ರೊಟ್ಟಿ, ರಾಗಿ ಮುದ್ದೆ ಉಂಡು ಬೆಳೆದ ನಮ್ಮ ಮನೆತನಗಳಲ್ಲಿ ಬ್ರೆಡ್ಡು ಒಂದು ಕಾಲಕ್ಕೆ ಜ್ವರ ಬಂದವರ ಪಥ್ಯವಾಗಿತ್ತು. ಇಂದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಎಷ್ಟೋ ಮನೆಗಳಲ್ಲಿ ಬೆಳಗಿನ ಅವಸರಕ್ಕೆ ಅದೇ ಆಸರೆ. ನಿತ್ಯದ ಆಹಾರವಾದ ಮೇಲೆ ಅದನ್ನು ಆರಿಸಿಕೊಳ್ಳುವ ವಿವೇಕವೂ ಗೃಹಿಣಿಗೆ ಬೇಕಲ್ಲವೆ?

ನನ್ನ ಮಾವನವರಿಗೆ ಸಕ್ಕರೆ ಕಾಯಿಲೆಯಿದೆಯೆಂದು ತಿಳಿದಾಗ ವೈದ್ಯರು ಮೈದಾ ಬಿಡಿಸಿದರು. ಅಂದಿನಿಂದ ನಾನು ಹೆಚ್ಚು ಹಣ ತೆತ್ತು ಕಂದು ಬಣ್ಣದ ಬ್ರೆಡ್ಡನ್ನೇ ತರತೊಡಗಿದೆ. ಕೆಲವು ತಿಂಗಳು ಕಳೆದಿದ್ದವು. ಒಂದು ಬೆಳಿಗ್ಗೆ ಮಾವನವರು ಕನ್ನಡಕ ಏರಿಸಿಕೊಂಡು ಪೊಟ್ಟಣದ ಹಿಂಬದಿಯನ್ನು ಓದಿ, "ಇದರಾಗ ಮೊದಲನೇ ಹೆಸರೇ ಮೈದಾ ಐತಲ್ಲವ್ವಾ!" ಎಂದರು. ಕಂದು ಬಣ್ಣ ಗೋಧಿಯದಾಗಿರದೆ ಕ್ಯಾರಮೆಲ್‌ನದಾಗಿತ್ತು. ನಾಚಿಕೆಯಿಂದ ನನಗೆ ಮಾತೇ ಹೊರಡಲಿಲ್ಲ.

ಪೊಟ್ಟಣದ ಮೇಲೆ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ಆದುದರಿಂದ ಮೊದಲ ಹೆಸರು ಇಡೀ ಗೋಧಿಹಿಟ್ಟಿನದಾಗಿರಲಿ. ಅದರ ಶೇಕಡಾವಾರು ಪ್ರಮಾಣ ಕೊಟ್ಟಿದ್ದರೆ ಅದನ್ನೂ ನೋಡಿರಿ. ಐಎನ್‌ಎಸ್ 150 ಎಂಬ ಸಂಖ್ಯೆ ಕಂಡರೆ ಅದು ಕ್ಯಾರಮೆಲ್ ಬಣ್ಣ. ಗೋಧಿಯ ಹೊಟ್ಟು ಕಣಕದ ಜಿಗುಟನ್ನು ತುಂಡರಿಸುವುದರಿಂದ ಇಡೀ ಗೋಧಿಯ ಬ್ರೆಡ್ಡು ಹೆಚ್ಚು ಉಬ್ಬದು. ತುಸು ಒರಟಾಗಿಯೇ ಇರುತ್ತದೆ. ಅದು ದೋಷವಲ್ಲ.

ನಾರಿನ ಅಂಶ 100 ಗ್ರಾಮಿಗೆ 6 ಗ್ರಾಮ್ ಇದ್ದರೆ ಉತ್ತಮ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 500 ಮಿಲಿಗ್ರಾಮ್ ಸೋಡಿಯಂ ಎಂದರೆ ಒಂದೂಕಾಲು ಗ್ರಾಮ್ ಉಪ್ಪು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರೆಡ್ಡಿಗೆ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ನಮ್ಮ ದೇಶದಲ್ಲಿ 2016ರಲ್ಲಿಯೇ ನಿಷೇಧಿಸಲಾಗಿದೆ.

ಬೆಲೆಯನ್ನು ತೂಕದೊಡನೆ ಹೋಲಿಸಿರಿ. 400 ಗ್ರಾಮಿನ ಪೊಟ್ಟಣಕ್ಕೆ 50 ರೂಪಾಯಿ, 300 ಗ್ರಾಮಿನದಕ್ಕೆ 42 ರೂಪಾಯಿ ಎನ್ನೋಣ. ಎರಡನೆಯದು ಅಗ್ಗವೆನಿಸಿದರೂ 100 ಗ್ರಾಮಿಗೆ ಒಂದೂವರೆ ರೂಪಾಯಿ ತುಟ್ಟಿ. ಚೀಟಿಯಿಲ್ಲದ ಬೇಕರಿ ಬ್ರೆಡ್ಡಾದರೆ ಮೈದಾ ಎಷ್ಟು ಬೆರೆಸಿದ್ದಾರೆಂದು ಸಂಕೋಚವಿಲ್ಲದೆ ಕೇಳಿರಿ. ಸ್ವತಃ ಕಲಿಯುವ ಆಸಕ್ತಿಯುಳ್ಳವರು ಹೆಬ್ಬಾಳದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಘಟಕದಲ್ಲಿ ವಿಚಾರಿಸಬಹುದು.

ಒಂದು ಮಾತನ್ನು ಮರೆಯಬಾರದು. ಒಳ್ಳೆಯ ಗೋಧಿ ಬ್ರೆಡ್ಡೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಎರಡು ಹೋಳು ಸಾಕು. ಜೊತೆಗೆ ಸೌತೆ, ಮೊಳಕೆಕಾಳು ಇರಲಿ. ನಮ್ಮ ಮನೆಯಲ್ಲೀಗ ವಾರಕ್ಕೆ ಎರಡು ದಿನ ಮಾತ್ರ ಬ್ರೆಡ್ಡು; ಉಳಿದ ದಿನ ಜೋಳದ ರೊಟ್ಟಿ. ಅಂಗಡಿಗೆ ಹೋದಾಗ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ಹೇಳುವ ಕೆಲಸ ಮಗಳದು, ಕೇಳಿ ತಲೆದೂಗುವ ಕೆಲಸ ಮಾವನವರದು.