ಪತಾಕೆಯೂ ಸ್ವರ್ಣಕಮಲವೂ

ಸ್ಪರ್ಧೆಯಲ್ಲಿ ಮೇಲಾದ ನಾಟ್ಯಪ್ರಯೋಗಕ್ಕೆ ಪತಾಕೆಯನ್ನು ಕೊಡತಕ್ಕದ್ದೆಂಬ ವಿಧಿಯು ಭರತನ ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಬಂದಿದೆ. ಗುಣದೋಷಗಳನ್ನು ನಿರ್ಣಯಿಸುವವರಿಗೆ ಅಲ್ಲಿ ಪ್ರಾಶ್ನಿಕರೆಂದು ಹೆಸರು. ಛಂದಸ್ಸಿನಲ್ಲಿ ಛಂದೋವಿದನೂ, ಶಬ್ದದಲ್ಲಿ ವೈಯಾಕರಣನೂ, ಅಸ್ತ್ರಪ್ರಯೋಗದಲ್ಲಿ ಧನುರ್ವಿದನೂ, ಶೃಂಗಾರೋಪಚಾರದಲ್ಲಿ ವೇಶ್ಯೆಯೂ ಪ್ರಮಾಣರು. ಪಂಡಿತರ ಪಂಕ್ತಿಯಲ್ಲಿ ವೇಶ್ಯೆಗೂ ಆಸನವಿತ್ತ ಮುನಿಯ ನಿಷ್ಪಕ್ಷಪಾತವು ಮೆಚ್ಚತಕ್ಕದ್ದು. ಮಾತಿನ ದೋಷಗಳೂ ಎಣಿಕೆಗೆ ಬರುತ್ತವೆ. ಆದರೆ ಪತಾಕೆಯು ಸಲ್ಲುವುದು ಪ್ರಯೋಗಕ್ಕೆ, ಬರೆದಿಟ್ಟ ಕಾವ್ಯಕ್ಕಲ್ಲ. ಚಲಚ್ಚಿತ್ರ ಪ್ರಶಸ್ತಿಗಳ ವಿಚಾರದಲ್ಲಿ ಈ ಭೇದವನ್ನು ಮರೆತರೆ ಪ್ರಮಾದಕ್ಕೆ ಎಡೆಯಾಗುವುದು.

ಭಾರತ ಸರ್ಕಾರವು ೧೯೫೪ರಲ್ಲಿ ಆರಂಭಿಸಿದ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಕಥಾಚಿತ್ರದ ಅಗ್ರಪುರಸ್ಕಾರವು ಮೊದಲು ರಾಷ್ಟ್ರಪತಿಗಳ ಸುವರ್ಣಪದಕವಾಗಿದ್ದು, ಅನಂತರ ಸ್ವರ್ಣಕಮಲವಾಯಿತು. ೧೯೭೦ರಿಂದ ೨೦೦೧ರ ವರೆಗೆ ಆರು ಕನ್ನಡ ಚಿತ್ರಗಳು ಈ ಮನ್ನಣೆಯನ್ನು ಪಡೆದುವು: ‘ಸಂಸ್ಕಾರ’ (೧೯೭೦), ‘ಚೋಮನ ದುಡಿ’ (೧೯೭೫), ‘ಘಟಶ್ರಾದ್ಧ’ (೧೯೭೭), ‘ತಬರನ ಕಥೆ’ (೧೯೮೬), ‘ತಾಯಿ ಸಾಹೇಬ’ (೧೯೯೭), ‘ದ್ವೀಪ’ (೨೦೦೧). ಕಡೆಯ ನಾಲ್ಕರಲ್ಲಿ ‘ತಬರನ ಕಥೆ’ಯೂ ಸೇರಿ ‘ಘಟಶ್ರಾದ್ಧ’ದಿಂದ ‘ದ್ವೀಪ’ದ ವರೆಗೆ ನಿರ್ದೇಶಕರು ಗಿರೀಶ ಕಾಸರವಳ್ಳಿಯವರೊಬ್ಬರೇ. ಇನ್ನೊಂದು ಸಂಗತಿಯು ಸಾಹಿತ್ಯದ ಅಧ್ಯಾಪಕರಿಗೆ ಹೆಚ್ಚು ಪ್ರಿಯವಾಗತಕ್ಕದ್ದು: ಆರಕ್ಕೆ ಆರೂ ಮುದ್ರಿತ ಕೃತಿಗಳಿಂದ ಹುಟ್ಟಿದುವು. ಮೊದಲನೆಯದಕ್ಕೂ ಮೂರನೆಯದಕ್ಕೂ ಅನಂತಮೂರ್ತಿಯವರು ಮೂಲ. ಉಳಿದುವಕ್ಕೆ ಕ್ರಮವಾಗಿ ಶಿವರಾಮ ಕಾರಂತರು, ಪೂರ್ಣಚಂದ್ರ ತೇಜಸ್ವಿಯವರು, ರಂ. ಶಾ. ಲೋಕಾಪುರರು, ನಾ. ಡಿಸೋಜರು. ಇವುಗಳಲ್ಲಿ ‘ತಾಯಿ ಸಾಹೇಬ’ದ ವಾಡೆಯ ಬಾಳು ವಿಜಯಪುರ ಸೀಮೆಯವರಿಗೆ ಮನೆಯ ಮಾತಿನಂತೆಯೇ ತೋರುವುದು.

ಇದರಿಂದ ಸ್ವರ್ಣಕಮಲಗಳು ಕನ್ನಡ ಕಾದಂಬರಿಯ ಮುಡಿಗೇರಿದುವೆಂದು ಹೇಳುವುದುಂಟು. ಇದು ಅರ್ಧಸತ್ಯ. ಕಾರಂತರ ಪುಟಗಳಲ್ಲಿ ದುಡಿಯ ಧ್ವನಿಯನ್ನು ಓದುಗನು ಊಹಿಸಬೇಕು, ಬಿ. ವಿ. ಕಾರಂತರ ಚಿತ್ರದಲ್ಲಿ ಅದು ಕಿವಿಯ ಮೇಲೆಯೇ ಬೀಳುತ್ತದೆ, ಮತ್ತು ಚೋಮನ ನೋವನ್ನು ವಾಸುದೇವರಾಯರ ಮೈಯೇ ಹೇಳುತ್ತದೆ. ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದುದು ಈ ಪ್ರಯೋಗಕ್ಕೇ ಹೊರತು ಕಾದಂಬರಿಯ ವಾಕ್ಯಗಳಿಗಲ್ಲ. ‘ದ್ವೀಪ’ದಲ್ಲಿ ಏರುವ ನೀರನ್ನೂ ಬಿಡದ ಮಳೆಯನ್ನೂ ಹಿಡಿದುಕೊಟ್ಟ ಎಚ್. ಎಂ. ರಾಮಚಂದ್ರರ ಛಾಯಾಗ್ರಹಣಕ್ಕೆ ಬೇರೆಯಾಗಿ ಪುರಸ್ಕಾರ ಸಂದಿತು. ವಿಷಯಕ್ಕೊಬ್ಬ ಪ್ರಾಶ್ನಿಕನೆಂಬ ನ್ಯಾಯವು ಇಲ್ಲಿ ಹೆಸರು ಬದಲಿಸಿ ನಿಂತಿದೆ.

ಈ ಪ್ರಶ್ನೆಯು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಆಫ್ರಿಕಾ ಖಂಡದ ಸೆನೆಗಲ್ ದೇಶದ ಉಸ್ಮಾನ್ ಸೆಂಬೇನರು ಮೊದಲು ಕಾದಂಬರಿಕಾರರು. ಫ್ರೆಂಚಿನಲ್ಲಿ ಬರೆದುದು ಅಕ್ಷರವರಿಯದ ಸ್ವಜನರನ್ನು ಮುಟ್ಟದೆಂದು ಕಂಡು ಚಿತ್ರಕ್ಕೆ ಕೈಹಾಕಿದರು. ಫ್ರಾನ್ಸಿಗೆ ಮನೆಗೆಲಸಕ್ಕೆ ಹೋದ ಹೆಣ್ಣೊಬ್ಬಳ ವಿಷಯವಾಗಿ ತಾವೇ ಬರೆದ ಕಥೆಯನ್ನು ಚಿತ್ರವಾಗಿಸಿದಾಗ, ೧೯೬೬ರಲ್ಲಿ ಟ್ಯುನೀಸಿಯದ ಕಾರ್ಥೇಜ್ ಉತ್ಸವದ ಅಗ್ರಪ್ರಶಸ್ತಿಯು ಆ ಚಿತ್ರಕ್ಕೆ ಸಂದಿತು. ಕವಿಯೂ ಪ್ರಯೋಕ್ತನೂ ಒಬ್ಬನೇ ಆದಲ್ಲಿಯೂ ಪತಾಕೆಯು ಪ್ರಯೋಗದ್ದೇ. ೨೦೦೫ರಲ್ಲಿ ನೈಜೀರಿಯದಲ್ಲಿ ಮೊದಲಾದ ಆಫ್ರಿಕಾ ಮೂವಿ ಅಕಾಡೆಮಿಯ ವಾರ್ಷಿಕ ಪ್ರಶಸ್ತಿಗಳಲ್ಲಿ ಆಫ್ರಿಕದ ಭಾಷೆಗಳ ಚಿತ್ರಕ್ಕೆ ಪ್ರತ್ಯೇಕ ಸ್ಥಾನವಿದೆ. ಪರಭಾಷೆಯ ಪ್ರಾಬಲ್ಯವುಳ್ಳಲ್ಲಿ ದೇಶಭಾಷೆಗಳಿಗೆ ಇಂತಹ ಆಸರೆ ಬೇಕಾಗಿರುವುದು ಸಹಜ.

ಹಾಗಾದರೆ ಕವಿಗೆ ಭಾಗವಿಲ್ಲವೆ? ೧೯೬೬-೬೭ರ ಸಾಲಿನಿಂದ ನಡೆದುಬಂದ ಕರ್ನಾಟಕ ರಾಜ್ಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆಗಳಿಗೆ ಬೇರೆಬೇರೆ ಪುರಸ್ಕಾರಗಳಿವೆ. ಕಥೆಗಾರನ ಪಾಲು ಅಲ್ಲಿಯೇ ಗಣನೆಗೆ ಬರತಕ್ಕದ್ದು.