ಕೃಷ್ಣೆಯ ನಡುಗಡ್ಡೆಗಳು: ಪ್ರವಾಹವೂ ಜನಧೈರ್ಯವೂ

ಚಂಡಮಾರುತವೆಂದೊಡನೆ ನಮ್ಮ ಮನಸ್ಸು ಕಡಲ ಕಡೆಗೆ ಹರಿಯುವುದು ಸಹಜ. ಆದರೆ ಕಡಲಿನಿಂದ ಬಹುದೂರದಲ್ಲಿರುವ ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ ದ್ವೀಪವಾಸಿಗಳಿದ್ದಾರೆ. ಕಡಲಿನ ಕ್ಷೋಭೆ ಅವರನ್ನೂ ಮುಟ್ಟದೆ ಬಿಡುವುದಿಲ್ಲ. ಕೃಷ್ಣಾನದಿಯು ಕವಲೊಡೆದು ಮತ್ತೆ ಕೂಡುವೆಡೆಗಳಲ್ಲಿ ಉಳಿದ ನೆಲವನ್ನು ಅಲ್ಲಿಯ ಜನ ಗಡ್ಡೆಯೆಂದು ಕರೆಯುತ್ತಾರೆ. ಇದಕ್ಕೆ ಕನ್ನಡದ ಹಳೆಯ ಮಾತು 'ಕುರುವ'. ರಾಯಚೂರು ತಾಲ್ಲೂಕಿನ ಕುರ್ವಕುರ್ದಾ ಎಂಬ ಊರ ಹೆಸರಿನಲ್ಲಿ ಈ ಶಬ್ದಕ್ಕೆ ಚಿಕ್ಕದೆಂಬ ಅರ್ಥದ ಫಾರಸಿ 'ಖುರ್ದ್' ಸೇರಿದಂತೆ ಕಾಣುತ್ತದೆ.

ಈ ಗಡ್ಡೆಗಳಿಗೆ ಪ್ರವಾಹ ಬರುವ ಬಗೆ ಎರಡು. ಸಾಮಾನ್ಯವಾಗಿ ಅದು ಪಶ್ಚಿಮದಿಂದ ಬರುತ್ತದೆ. ಸಹ್ಯಾದ್ರಿಯಲ್ಲಿ ಮಳೆ ಹೆಚ್ಚಿ, ಆಲಮಟ್ಟಿ, ನಾರಾಯಣಪುರ ಜಲಾಶಯಗಳು ತುಂಬಿ ಬಾಗಿಲು ತೆರೆದಾಗ, ಬಯಲುಸೀಮೆಯ ಒಣ ಆಕಾಶದ ಕೆಳಗೇ ಹೊಳೆ ಏರುತ್ತದೆ. ಎರಡನೆಯದು ಪೂರ್ವದಿಂದ ಬರುವಂಥದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬಯಲುಸೀಮೆಯ ಮೇಲೆಯೇ ಮಳೆ ಸುರಿದು, ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮೊದಲನೆಯ ಬಗೆಯಲ್ಲಿ ಮುನ್ಸೂಚನೆಗೆ ಎಡೆಯುಂಟು. ಎರಡನೆಯದರಲ್ಲಿ ಆ ಅವಕಾಶ ಕಡಿಮೆ.

ಇಂಥ ನೀರಿನೊಡನೆ ಬಾಳುವುದನ್ನು ಜನ ಒಂದೇ ದಿನದಲ್ಲಿ ಕಲಿತವರಲ್ಲ. ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಸುಮಾರು 1520ರಲ್ಲಿಯೇ ತುಂಗಭದ್ರೆಯ ಮೇಲಿನ ಬುಟ್ಟಿಯಾಕಾರದ, ಚರ್ಮ ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ. ಅದೇ ನಮ್ಮ ಹರಿಗೋಲು. ಬಂಡೆಗಳು ತುಂಬಿದ, ಆಳ ಕಡಿಮೆಯ ಹೊಳೆಗೆ ಇದು ಯೋಗ್ಯವಾದ ಸಾಧನ. ಬಿದಿರ ಹೆಣಿಗೆಯಾದುದರಿಂದ ಹಗುರ, ಅಡಿ ಅಗಲವಾದುದರಿಂದ ನೀರಲ್ಲಿ ಹೆಚ್ಚು ಮುಳುಗದು. ಆದರೆ ಸೆಳವು ಬಲಿತಾಗ ಅದೂ ನಿಲ್ಲಲಾರದು. 2020ರ ಆಗಸ್ಟ್‌ನಲ್ಲಿ ಕುರ್ವಕುರ್ದಾದ ಬಳಿ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು.

ಈಚಿನ ಎರಡು ನಿದರ್ಶನಗಳು ವಿಚಾರಾರ್ಹವಾಗಿವೆ. 2014ರ ಜುಲೈನಲ್ಲಿ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡೆಯ ತುಂಬು ಗರ್ಭಿಣಿಯೊಬ್ಬಳು, ಹೆರಿಗೆಗೆ ವೈದ್ಯರ ನೆರವು ದೊರೆಯಲೆಂದು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದಳು. ತಂದೆಯೂ ಸೋದರರೂ ಜೊತೆಗೂಡಿ ಈಜಿದರು. 2019ರ ಆಗಸ್ಟ್‌ನಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯ ಬಾಲಕನೊಬ್ಬನು ಮುಳುಗಿದ ಸೇತುವೆಯ ಮೇಲೆ ಮುಂದೆ ನಡೆದು ಆಂಬ್ಯುಲೆನ್ಸಿಗೆ ದಾರಿ ತೋರಿದನು; ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಸಂದಿತು.

ಈ ಎರಡರಲ್ಲಿಯೂ ಧೈರ್ಯವು ಕೇವಲ ಸ್ವಭಾವಗುಣವಲ್ಲವೆಂಬುದು ಸ್ಪಷ್ಟ. ಸೋರೆಬುರುಡೆ ತೇಲಿಸುವುದೆಂಬ ಅರಿವು, ಕಾಣದ ಸೇತುವೆಯ ಅಂಚು ಎಲ್ಲಿದೆಯೆಂಬ ನೆನಪು, ಜೊತೆಗೆ ಈಜುವ ಬಂಧುಗಳು ಇವುಗಳಿಂದ ಆ ಧೈರ್ಯ ಕೂಡಿಬಂದುದು. ಅದು ಸಮುದಾಯದ ಸಂಚಿತ ಧನ.

ಹಾಗೆಂದು ಜಯನಗರ, ಬನಶಂಕರಿಗಳಲ್ಲಿ ಕುಳಿತು ಪತ್ರಿಕೆಯಲ್ಲಿ ಈ ವಾರ್ತೆಗಳನ್ನೋದುವ ನಾವು ಕೇವಲ ಮೆಚ್ಚಿ ಸುಮ್ಮನಾಗುವುದು ನ್ಯಾಯವಲ್ಲ. ಗರ್ಭಿಣಿಯು ಹೊಳೆ ಈಜಬೇಕಾಗಿ ಬಂದುದು ಸೇತುವೆಯ ಅಭಾವಕ್ಕೆ ಸಾಕ್ಷಿಯೂ ಹೌದು. ಜನರ ಸಾಹಸವನ್ನು ದಾಖಲಿಸುವ ಇತಿಹಾಸಕಾರನು ಆ ಸಾಹಸ ಯಾತಕ್ಕೆ ಅನಿವಾರ್ಯವಾಯಿತೆಂಬುದನ್ನೂ ಅದರ ಪಕ್ಕದಲ್ಲಿಯೇ ಬರೆದಿಡಬೇಕು. ನಮ್ಮ ವಿದ್ಯಾರ್ಥಿಗಳು ಗಡ್ಡೆಯ ಹಿರಿಯರಿಂದ ಪ್ರವಾಹಗಳ ನೆನಪನ್ನು ಸಂಗ್ರಹಿಸಿದರೆ, ಅದು ಇತಿಹಾಸಕ್ಕೂ ಮುಂದೆ ಸೇತುವೆ ಕಟ್ಟುವವರಿಗೂ ಉಪಯುಕ್ತವಾದೀತು.