ಅಂತರಜಾಲದ ಮೊದಲ ಪುಟ ಮತ್ತು ವ್ಯಾಪಾರಿಯ ಪತ್ತು

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲೂಕುಗಳ ವ್ಯಾಪಾರಸ್ಥರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಈಚಿನ ವರ್ಷಗಳಲ್ಲಿ ಖರ್ಚಿನ ಪಟ್ಟಿಯಲ್ಲಿ ಹೊಸದೊಂದು ಶೀರ್ಷಿಕೆ ಕಾಣಸಿಗುತ್ತಿದೆ. ಹಮಾಲಿ, ಲಾರಿ ಬಾಡಿಗೆ, ಅಡತಿ, ಗೋಣಿಚೀಲ ಮುಂತಾದ ಹಳೆಯ ಶೀರ್ಷಿಕೆಗಳ ಜೊತೆಗೆ ‘ಡಿಜಿಟಲ್ ಪ್ರಚಾರ’ ಎಂಬುದೂ ಸೇರಿಕೊಂಡಿದೆ. ಇದು ಸ್ವಾಗತಾರ್ಹ ಬೆಳವಣಿಗೆಯೇ ಸರಿ. ಬೇಳೆ ಮಿಲ್ಲಿನ ಮಾಲೀಕರು, ಬೀಜ-ಗೊಬ್ಬರದ ಅಂಗಡಿಯವರು, ವಸತಿಗೃಹ ನಡೆಸುವವರು ಇಂದು ಸೊಲ್ಲಾಪುರ, ಹೈದರಾಬಾದ್, ಬೆಂಗಳೂರುಗಳ ಗಿರಾಕಿಗಳನ್ನು ಮಧ್ಯವರ್ತಿಗಳಿಲ್ಲದೆ ತಲುಪಬಹುದಾಗಿದೆ. ಆದರೆ ಈ ಶೀರ್ಷಿಕೆಯಡಿ ವೆಚ್ಚವಾಗುವ ಹಣದಲ್ಲಿ ಪ್ರಚಾರಕ್ಕೆ ಸಂದದ್ದೆಷ್ಟು, ಸುಳ್ಳಿಗೆ ಸಂದದ್ದೆಷ್ಟು ಎಂದು ವಿಚಾರಿಸುವವರು ವಿರಳ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರಾದ ಬೇಳೆ ಮಿಲ್ಲಿನ ಮಾಲೀಕರೊಬ್ಬರು ಲೆಕ್ಕ ತಪಾಸಣೆಯ ಸಮಯದಲ್ಲಿ ಒಂದು ಪಾವತಿಯನ್ನು ತೋರಿಸಿದರು. 45,000 ರೂಪಾಯಿ ಮೂರು ಕಂತುಗಳಲ್ಲಿ ಯಾರೋ ಒಬ್ಬ ವ್ಯಕ್ತಿಯ ಖಾಸಗಿ ಖಾತೆಗೆ ಸಂದಾಯವಾಗಿತ್ತು. ಬಿಲ್ಲು ಇರಲಿಲ್ಲ. ‘30 ದಿನಗಳಲ್ಲಿ ಗೂಗಲ್‌ನ ಮೊದಲ ಪುಟ, ಜೊತೆಗೆ 150 ಪಂಚತಾರಾ ವಿಮರ್ಶೆ’ ಎಂಬ ಭರವಸೆ ಮಾತ್ರ ಮೊಬೈಲಿನಲ್ಲಿತ್ತು. ಮೊದಲ ಎರಡು ತಿಂಗಳು ವಿಚಾರಣೆಯ ಕರೆಗಳು ಹೆಚ್ಚಿದವು. ಹೊಸ ತೊಗರಿ ಮಾರುಕಟ್ಟೆಗೆ ಬರುವ ಸುಗ್ಗಿಯ ಹೊತ್ತಿಗೆ ಸರಿಯಾಗಿ ಅಂತರಜಾಲದ ನಕ್ಷೆಯಿಂದ ಅವರ ಮಿಲ್ಲಿನ ಹೆಸರೇ ಮಾಯವಾಯಿತು. ಕೊಂಡ ವಿಮರ್ಶೆಗಳೊಂದಿಗೆ, ನಾಲ್ಕು ವರ್ಷಗಳಲ್ಲಿ ನಿಜವಾದ ಗಿರಾಕಿಗಳು ಬರೆದಿದ್ದ ಮಾತುಗಳೂ ಹೋದವು. ಪ್ರಚಾರಕನ ಫೋನು ಬಂದಾಗಿತ್ತು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಈ ರೊಕ್ಕ ಖರ್ಚಿಗೆ ಹಾಕ್ಲಿಕ್ಕೆ ಬರ್ತದೇನ್ರಿ?”

ಆ ಪ್ರಶ್ನೆಗೆ ಲೆಕ್ಕಪರಿಶೋಧಕನಾಗಿ ನೀಡಬೇಕಾದ ಉತ್ತರವನ್ನು ಮುಂದೆ ನೋಡೋಣ. ಅದಕ್ಕೂ ಮೊದಲು, ಇಂತಹ ಮಾರ್ಗಗಳು ಯಾವುವು, ಅವುಗಳಿಂದ ಏಕೆ ದೂರವಿರಬೇಕು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಶೋಧನಾ ಯಂತ್ರ ಯಾರನ್ನು ನಂಬುತ್ತದೆ?

ಗೂಗಲ್ ಮುಂತಾದ ಶೋಧನಾ ಯಂತ್ರಗಳು ಲಕ್ಷಾಂತರ ಜಾಲತಾಣಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂದು ನಿರ್ಧರಿಸುವ ಕ್ರಮ ನಮಗೆ ಅಪರಿಚಿತವೇನಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇಷ್ಟೆ: ಒಂದು ಪುಟವನ್ನು ಬೇರೆ ಎಷ್ಟು ಪುಟಗಳು ಉಲ್ಲೇಖಿಸುತ್ತವೆ, ಹಾಗೆ ಉಲ್ಲೇಖಿಸುವವರ ಯೋಗ್ಯತೆ ಏನು ಎಂಬುದನ್ನು ನೋಡಿ ಆ ಪುಟದ ತೂಕ ನಿರ್ಣಯಿಸುವುದು. ಕಲಬುರಗಿಯ ಗಂಜಿಗೆ ಹೊಸ ಖರೀದಿದಾರ ಬಂದು ಉದ್ದರಿ ಕೇಳಿದರೆ ಅಡತ್ಯರು ಏನು ಮಾಡುತ್ತಾರೆ? ಅಕ್ಕಪಕ್ಕದ ಎರಡು ಹಳೆಯ ಅಂಗಡಿಗಳಲ್ಲಿ ಅವನ ಪತ್ತಿನ ಬಗ್ಗೆ ವಿಚಾರಿಸುತ್ತಾರೆ. ಶೋಧನಾ ಯಂತ್ರವೂ ಅದನ್ನೇ ಮಾಡುತ್ತದೆ. ಇಂದು ಅದು ನೂರಾರು ಇತರ ಅಂಶಗಳನ್ನೂ ಪರಿಗಣಿಸುತ್ತದೆಯಾದರೂ ಮೂಲತತ್ತ್ವ ಬದಲಾಗಿಲ್ಲ.

ಜಾಲತಾಣವನ್ನು ಓದುಗನಿಗೂ ಯಂತ್ರಕ್ಕೂ ಸುಲಭವಾಗಿ ಅರ್ಥವಾಗುವಂತೆ ಅಣಿಗೊಳಿಸುವುದಕ್ಕೆ ಎಸ್‌ಇಒ ಎನ್ನುತ್ತಾರೆ. ಅದು ನ್ಯಾಯವಾದ ವೃತ್ತಿ. ಆದರೆ ಪತ್ತಿನ ಬಗ್ಗೆ ಸುಳ್ಳು ಸಾಕ್ಷಿಗಳನ್ನು ಸೃಷ್ಟಿಸಿ ಮೇಲೇರುವುದು ಅನ್ಯಾಯದ ಮಾರ್ಗ. ಅಂತಹ ಮುಖ್ಯ ಮಾರ್ಗಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ತ್ಯಜಿಸಬೇಕಾದ ಮಾರ್ಗಗಳು

1. ಲಿಂಕ್‌ಗಳ ಖರೀದಿ: ನಿಮ್ಮ ವ್ಯಾಪಾರಕ್ಕೆ ಸಂಬಂಧವಿಲ್ಲದ ನೂರಾರು ಜಾಲತಾಣಗಳಲ್ಲಿ ಹಣ ಕೊಟ್ಟು ನಿಮ್ಮ ತಾಣದ ಉಲ್ಲೇಖ ಹಾಕಿಸುವುದು. ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆ ಜೆ. ಸಿ. ಪೆನ್ನಿಯ ಪರವಾಗಿ ಇಂತಹ ಲಿಂಕ್‌ಗಳನ್ನು ಹರಡಲಾಗಿತ್ತೆಂಬುದು 2011ರ ಫೆಬ್ರವರಿಯಲ್ಲಿ ಪತ್ರಿಕೆಯೊಂದರಿಂದ ಬಯಲಾಯಿತು. ಅಗ್ರಸ್ಥಾನದಲ್ಲಿದ್ದ ಅದರ ಪುಟಗಳನ್ನು ಗೂಗಲ್ ಕೆಲವೇ ದಿನಗಳಲ್ಲಿ ಬಹಳ ಕೆಳಕ್ಕೆ ತಳ್ಳಿತು. ಮರುವರ್ಷ, 2012ರ ಏಪ್ರಿಲ್‌ನಲ್ಲಿ, ‘ಪೆಂಗ್ವಿನ್’ ಎಂಬ ಮಾರ್ಪಾಡಿನ ಮೂಲಕ ಇಂತಹ ಲಿಂಕ್‌ಗಳನ್ನು ಯಂತ್ರವೇ ಗುರುತಿಸುವ ವ್ಯವಸ್ಥೆ ಬಂದಿತು.

2. ಕಳ್ಳ ಪುಟಗಳು ಮತ್ತು ಸುಳ್ಳು ವಿಳಾಸಗಳು: ಯಂತ್ರಕ್ಕೆ ಒಂದು ಪುಟ, ಗಿರಾಕಿಗೆ ಇನ್ನೊಂದು ಪುಟ ತೋರಿಸುವುದು, ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳಿಂದ ಪದಗಳನ್ನು ತುರುಕುವುದು. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯೂ ಕಾರು ಕಂಪನಿಯ ಜರ್ಮನ್ ಜಾಲತಾಣವನ್ನೇ ಇಂತಹ ಕಾರಣಕ್ಕೆ ಗೂಗಲ್ ತನ್ನ ಪಟ್ಟಿಯಿಂದ ತೆಗೆದುಹಾಕಿತ್ತು. ಪುಟಗಳನ್ನು ಸರಿಪಡಿಸಿದ ಮೇಲಷ್ಟೇ ಮರಳಿ ಸೇರಿಸಿತು. ಆಳಂದದಲ್ಲಿ ಒಂದೇ ಅಂಗಡಿ ಇರುವವರು ಬೀದರ, ಸೊಲ್ಲಾಪುರ, ಕಲಬುರಗಿಗಳಲ್ಲೂ ಶಾಖೆ ಇರುವಂತೆ ನಕ್ಷೆಯಲ್ಲಿ ಹೆಸರು ಹಾಕಿಸುವುದು ಇದೇ ಜಾತಿಯ ತಪ್ಪು. ಗಿರಾಕಿ ಆ ವಿಳಾಸಕ್ಕೆ ಹೋಗಿ ಬರಿಗೈಯಲ್ಲಿ ಮರಳಿದರೆ ಅವನು ಮತ್ತೆ ಬರಲಾರ.

3. ರಾಶಿ ರಾಶಿ ಪೊಳ್ಳು ಬರಹ: ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಒಂದೇ ದಿನದಲ್ಲಿ ನೂರಾರು ಪುಟಗಳನ್ನು ತಯಾರಿಸಿ ಹಾಕುವುದು ಈಗಿನ ಹೊಸ ರೂಢಿ. ಓದುಗನಿಗೆ ಉಪಯೋಗವಿಲ್ಲದೆ, ಶ್ರೇಣಿ ಏರಿಸುವ ಉದ್ದೇಶಕ್ಕಷ್ಟೇ ರಾಶಿ ಹಾಕುವ ಬರಹವನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ನಿಷಿದ್ಧ ಕ್ರಮಗಳ ಪಟ್ಟಿಗೆ ಸೇರಿಸಿದೆ. ಬರೆದದ್ದು ಮನುಷ್ಯನೋ ಯಂತ್ರವೋ ಎಂಬುದು ಅಲ್ಲಿ ಪ್ರಶ್ನೆಯಲ್ಲ; ಬರಹ ಉಪಯುಕ್ತವೋ ಅಲ್ಲವೋ ಎಂಬುದೇ ಪ್ರಶ್ನೆ.

4. ಕೊಂಡ ವಿಮರ್ಶೆಗಳು: ಇದು ಕೇವಲ ಗೂಗಲ್‌ನ ನಿಯಮಭಂಗವಲ್ಲ, ನಮ್ಮ ದೇಶದ ಕಾನೂನಿನ ಉಲ್ಲಂಘನೆಯೂ ಹೌದು. ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು, 2020ರ ಪ್ರಕಾರ ಅಂತರಜಾಲದ ಮಾರುಕಟ್ಟೆ ತಾಣಗಳಲ್ಲಿ ಮಾರುವವರು ತಾವೇ ಗ್ರಾಹಕರೆಂದು ತೋರಿಸಿಕೊಂಡು ತಮ್ಮ ಸರಕಿನ ಬಗ್ಗೆ ವಿಮರ್ಶೆ ಬರೆಯುವಂತಿಲ್ಲ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರತಂದು, ವಿಮರ್ಶೆಗಳ ಸಂಗ್ರಹ ಮತ್ತು ಪ್ರಕಟಣೆ ಹೇಗಿರಬೇಕೆಂದು ತಿಳಿಸಿದೆ. ಅದು ಹೊರಬಂದಾಗ ಅದರ ಪಾಲನೆ ಸ್ವಯಂಪ್ರೇರಿತವಾಗಿತ್ತು. ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಸ್ವಯಂಪ್ರೇರಿತವಲ್ಲ. ದಾರಿ ತಪ್ಪಿಸುವ ಜಾಹೀರಾತಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕರ ಮೇಲೆ 10 ಲಕ್ಷ ರೂಪಾಯಿಗಳವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಎದುರಾಳಿಯ ಅಂಗಡಿಯ ಮೇಲೆ ಹಣ ಕೊಟ್ಟು ಕೆಟ್ಟ ವಿಮರ್ಶೆ ಬರೆಸುವುದು ಇದಕ್ಕಿಂತಲೂ ಹೀನ ಕೃತ್ಯವೆಂದು ಬೇರೆ ಹೇಳಬೇಕಿಲ್ಲ.

5. ಮಾಯಾಪುಟಗಳು: ‘ಒಂದೇ ಚೀಲ ಉಳಿದಿದೆ’ ಎಂಬ ಸುಳ್ಳು ಎಚ್ಚರಿಕೆ, ಕೊನೆಯ ಹಂತದಲ್ಲಿ ಸೇರಿಸುವ ಗುಪ್ತ ಶುಲ್ಕ, ರದ್ದುಪಡಿಸಲು ದಾರಿಯೇ ಸಿಗದಂತೆ ಮಾಡುವುದು. 2023ರ ನವೆಂಬರ್ 30ರಂದು ಪ್ರಕಟವಾದ ಕೇಂದ್ರದ ಮಾರ್ಗಸೂಚಿಯಲ್ಲಿ ಇಂತಹ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ಯಾರದೋ ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಕೊಂಡು ಒಪ್ಪಿಗೆಯಿಲ್ಲದೆ ಸಂದೇಶಗಳನ್ನು ಸುರಿಯುವುದೂ ಇದೇ ಸಾಲಿಗೆ ಸೇರುತ್ತದೆ.

6. ಇನ್ನೊಬ್ಬರ ಹೆಸರಿನಲ್ಲಿ ವ್ಯಾಪಾರ: ಪ್ರಸಿದ್ಧ ಸಂಸ್ಥೆಯ ಹೆಸರನ್ನು ಹುಡುಕಿದವರಿಗೆ ತನ್ನ ಜಾಹೀರಾತು ಕಾಣುವಂತೆ ಮಾಡುವ ಪದ್ಧತಿಯ ಬಗ್ಗೆ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ 2023ರ ಆಗಸ್ಟ್‌ನಲ್ಲಿ ಮಹತ್ವದ ತೀರ್ಪು ನೀಡಿತು. ಅಂತಹ ಬಳಕೆ ತನ್ನಷ್ಟಕ್ಕೆ ತಾನೇ ಅಪರಾಧವಲ್ಲ. ಆದರೆ ಗ್ರಾಹಕನಲ್ಲಿ ಗೊಂದಲ ಹುಟ್ಟಿಸಿದರೆ ವ್ಯಾಪಾರ ಚಿಹ್ನೆಯ ಉಲ್ಲಂಘನೆಯಾಗಬಹುದು, ಆಗ ಗೂಗಲ್ ಕೂಡ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂಬುದು ಅದರ ಸಾರ.

ನಮ್ಮ ಭಾಗಕ್ಕೆ ಈ ಅಂಶ ವಿಶೇಷವಾಗಿ ಅನ್ವಯಿಸುತ್ತದೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ದೇಶಕ್ಕೆ ಮ್ಯಾನ್ಮಾರ್, ಮೊಜಾಂಬಿಕ್ ಮುಂತಾದ ಕಡೆಗಳಿಂದಲೂ ತೊಗರಿ ಆಮದಾಗುತ್ತದೆ. ಆಮದು ತೊಗರಿಯನ್ನು ಒಡೆದು, ಶೋಧದಲ್ಲಿ ಮೇಲೆ ಬರಲೆಂದು ‘ಅಪ್ಪಟ ಗುಲ್ಬರ್ಗಾ ಬೇಳೆ’ ಎಂದು ಬರೆದು ಮಾರಿದರೆ ಅದು ಭೌಗೋಳಿಕ ಸೂಚಕಗಳ ಕಾಯ್ದೆ, 1999ರ ಉಲ್ಲಂಘನೆ. ಅಷ್ಟೇ ಅಲ್ಲ, ಜೇವರ್ಗಿ, ಆಳಂದಗಳ ರೈತರು ತಲೆಮಾರುಗಳಿಂದ ಗಳಿಸಿದ ಹೆಸರಿನ ಕಳವು.

ಗಾಣಗಾಪುರದ ಪಾಠ

ಸುಳ್ಳು ಜಾಲತಾಣದಿಂದ ಏನಾಗಬಹುದೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಕರ್ನಾಟಕದಿಂದಷ್ಟೇ ಅಲ್ಲದೆ ಮಹಾರಾಷ್ಟ್ರದಿಂದಲೂ ಅಪಾರ ಸಂಖ್ಯೆಯಲ್ಲಿ ಭಕ್ತರು ಬರುತ್ತಾರೆ. ದೂರದ ಭಕ್ತರು ಸೇವೆಗೂ ಕಾಣಿಕೆಗೂ ಅಂತರಜಾಲವನ್ನು ಅವಲಂಬಿಸುತ್ತಾರೆ. 2022ರಲ್ಲಿ ದೇವಸ್ಥಾನದ ಹೆಸರಿನಲ್ಲಿ ಹಲವು ನಕಲಿ ಜಾಲತಾಣಗಳನ್ನು ತೆರೆದು ಭಕ್ತರ ಕಾಣಿಕೆಯನ್ನು ಖಾಸಗಿ ಖಾತೆಗಳಿಗೆ ಪಡೆಯಲಾಗಿದೆ ಎಂಬ ಆರೋಪ ಕೇಳಿಬಂದು, ಕೆಲವು ಅರ್ಚಕರ ವಿರುದ್ಧ ಪೊಲೀಸರಿಗೆ ದೂರು ಸಲ್ಲಿಕೆಯಾಯಿತು. ಮೊತ್ತ ಕೋಟಿಗಳ ಲೆಕ್ಕದಲ್ಲಿದೆ ಎಂದು ಪತ್ರಿಕೆಗಳು ವರದಿ ಮಾಡಿದ್ದವು.

ವ್ಯಕ್ತಿಗಳ ಮೇಲಿನ ಆರೋಪದ ನಿರ್ಣಯ ನ್ಯಾಯಾಲಯಕ್ಕೆ ಬಿಟ್ಟದ್ದು. ವ್ಯಾಪಾರಸ್ಥರಾದ ನಾವು ಗಮನಿಸಬೇಕಾದದ್ದು ಬೇರೆ. ಪುಣೆಯಲ್ಲೋ ಮುಂಬೈಯಲ್ಲೋ ಕುಳಿತು ಕ್ಷೇತ್ರದ ಹೆಸರನ್ನು ಹುಡುಕುವ ಭಕ್ತನಿಗೆ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದಿಲ್ಲ. ಅವನು ಮೊದಲು ಕಂಡದ್ದನ್ನು ನಂಬುತ್ತಾನೆ. ಒಮ್ಮೆ ಮೋಸವಾಯಿತೆಂದು ಸುದ್ದಿ ಹರಡಿದರೆ ಆ ಊರಿನ ಪ್ರಾಮಾಣಿಕ ವಸತಿಗೃಹದವರನ್ನೂ, ಪೂಜಾ ಸಾಮಗ್ರಿಯ ಅಂಗಡಿಯವರನ್ನೂ ಅದೇ ಸಂಶಯದಿಂದ ನೋಡುತ್ತಾನೆ. ಒಬ್ಬರು ಮಾಡಿದ ಸಾಲವನ್ನು ಇಡೀ ಪೇಟೆ ತೀರಿಸಬೇಕಾಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ

ಈಗ ಕಕ್ಷಿದಾರರ ಪ್ರಶ್ನೆಗೆ ಬರೋಣ. ವ್ಯಾಪಾರಕ್ಕಾಗಿ ಮಾಡಿದ ಪ್ರಚಾರದ ವೆಚ್ಚ ಆದಾಯ ತೆರಿಗೆಯಲ್ಲಿ ಕಳೆಯಲು ಅರ್ಹ. ಆದರೆ ಅಪರಾಧವಾದ ಅಥವಾ ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚ ಅರ್ಹವಲ್ಲ. ಬಿಲ್ಲಿಲ್ಲದೆ, ಕೆಲಸದ ವಿವರವಿಲ್ಲದೆ, ಅಪರಿಚಿತನ ಖಾತೆಗೆ ಹೋದ ಹಣವನ್ನು ಸಮರ್ಥಿಸುವುದಂತೂ ಕಠಿಣ. ಆದ್ದರಿಂದ ಆ 45,000 ರೂಪಾಯಿಗಳನ್ನು ಖರ್ಚಿನಲ್ಲಿ ತೋರಿಸಬಾರದೆಂದು ಸಲಹೆ ನೀಡಿದೆ. ಅವರು ಬೇಸರದಿಂದಲೇ ಒಪ್ಪಿದರು.

ಪ್ರಚಾರ ಸಂಸ್ಥೆಯೊಂದಿಗೆ ವ್ಯವಹರಿಸುವ ಮುನ್ನ ಸದಸ್ಯರು ಈ ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು:

ಅ) ಯಾವ ಕೆಲಸ, ಯಾವ ವಿಧಾನದಿಂದ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ‘ಮೊದಲ ಸ್ಥಾನದ ಖಾತರಿ’ ನೀಡುವವರನ್ನು ಅಲ್ಲಿಂದಲೇ ಕಳುಹಿಸಿಕೊಡಿ. ಅಂತಹ ಖಾತರಿ ಯಾರಿಂದಲೂ ಸಾಧ್ಯವಿಲ್ಲವೆಂದು ಸ್ವತಃ ಗೂಗಲ್ ಹೇಳುತ್ತದೆ.

ಆ) ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು ಕೇಳಿರಿ. ಅದಿಲ್ಲದೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಅನ್ವಯವಾಗುವೆಡೆ ಮೂಲದಲ್ಲಿ ತೆರಿಗೆ ಕಡಿತ ಮಾಡಿರಿ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆ ಸಿಗುವುದಿಲ್ಲ.

ಇ) ವಿದೇಶಿ ಸಂಸ್ಥೆಯಿಂದ ನೇರವಾಗಿ ಸೇವೆ ಕೊಂಡಲ್ಲಿ, ಜಿಎಸ್‌ಟಿ ನೋಂದಾಯಿತ ವ್ಯಾಪಾರಿಯೇ ಹಿಮ್ಮುಖ ಕ್ರಮದಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ ಎಂಬುದನ್ನು ಮರೆಯದಿರಿ.

ಈ) ಜಾಲತಾಣದ ಹೆಸರಿನ ನೋಂದಣಿ, ನಕ್ಷೆಯ ಖಾತೆ, ಗುಪ್ತಪದ ಇವೆಲ್ಲ ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿಯೇ ಇರಲಿ. ಅಂಗಡಿಯ ಬೀಗದ ಕೈಯನ್ನು ಬಣ್ಣ ಬಳಿಯಲು ಬಂದವನಿಗೆ ಕೊಟ್ಟು ಮರೆಯುವವರುಂಟೆ?

ನ್ಯಾಯವಾದ ದಾರಿ

ನ್ಯಾಯವಾದ ದಾರಿ ನಿಧಾನದ್ದಾದರೂ ದುಬಾರಿಯಲ್ಲ. ಅಂಗಡಿಯ ನಿಜವಾದ ಹೆಸರು, ವಿಳಾಸ, ತೆರೆದಿರುವ ವೇಳೆ, ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ, ಸರಕಿನ ದರ್ಜೆ, ಪೊಟ್ಟಣದ ನಿವ್ವಳ ತೂಕ, ಬೆಲೆ ಇವನ್ನು ಕನ್ನಡ, ಮರಾಠಿ, ಇಂಗ್ಲಿಷ್‌ಗಳಲ್ಲಿ ಸ್ಪಷ್ಟವಾಗಿ ಬರೆಯಿರಿ. ನಮ್ಮ ಜಿಲ್ಲೆಯ ಹೆಸರು 2014ರಲ್ಲಿ ಕಲಬುರಗಿ ಎಂದಾದರೂ ಹೊರಗಿನ ಗಿರಾಕಿಗಳು ಇಂದಿಗೂ ಗುಲ್ಬರ್ಗಾ ಎಂದೇ ಹುಡುಕುವುದುಂಟು. ಎರಡೂ ಹೆಸರುಗಳನ್ನು ಸಹಜವಾಗಿ ಬಳಸುವುದರಲ್ಲಿ ತಪ್ಪಿಲ್ಲ. ನಿಮ್ಮದೇ ಮಿಲ್ಲಿನ, ನಿಮ್ಮದೇ ಸರಕಿನ ಚಿತ್ರಗಳನ್ನು ಹಾಕಿರಿ. ಗಿರಾಕಿಗೆ ಬಿಲ್ಲು ಕೊಡುವಾಗ ವಿಮರ್ಶೆ ಬರೆಯಲು ಕೋರಬಹುದು. ಆದರೆ ಅದಕ್ಕೆ ಪ್ರತಿಯಾಗಿ ರಿಯಾಯಿತಿ, ಉಡುಗೊರೆ ಕೊಡುವುದು ಬೇಡ. ಕೆಟ್ಟ ವಿಮರ್ಶೆ ಬಂದರೆ ಅಳಿಸುವ ಉಪಾಯ ಹುಡುಕದೆ ಸೌಜನ್ಯದಿಂದ ಉತ್ತರಿಸಿರಿ.

ಕಲಬುರಗಿಯ ಜೋಳದ ರೊಟ್ಟಿಯ ಉದಾಹರಣೆ ನಮ್ಮ ಕಣ್ಣ ಮುಂದಿದೆ. ಸ್ವಸಹಾಯ ಸಂಘಗಳ ಮಹಿಳೆಯರು ಜಿಲ್ಲಾಡಳಿತದ ಬೆಂಬಲದೊಂದಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕಿಳಿದರು. 2025ರ ಜೂನ್ ತಿಂಗಳ ‘ಮನ್ ಕೀ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಗಳು ಈ ಪ್ರಯತ್ನವನ್ನು ಪ್ರಸ್ತಾಪಿಸಿದರು. ರೊಟ್ಟಿ ಚೆನ್ನಾಗಿದ್ದರೆ ಅದರ ಹೆಸರನ್ನು ಜನ ತಾವಾಗಿಯೇ ಹುಡುಕುತ್ತಾರೆ.

ಕೊನೆಯದಾಗಿ ಆ ಮಿಲ್ಲಿನ ಮಾಲೀಕರ ವಿಷಯ. ಅವರು ತಪ್ಪನ್ನು ಒಪ್ಪಿಕೊಂಡು, ದಾಖಲೆಗಳನ್ನು ಸಲ್ಲಿಸಿ, ಹಲವು ತಿಂಗಳ ನಂತರ ನಕ್ಷೆಯಲ್ಲಿ ತಮ್ಮ ಹೆಸರನ್ನು ಮರಳಿ ಪಡೆದರು. ಹಳೆಯ ವಿಮರ್ಶೆಗಳು ಮಾತ್ರ ಮರಳಲಿಲ್ಲ. ಈ ಬಾರಿ ಅವರ ಪುಟದಲ್ಲಿ ಹನ್ನೊಂದೇ ವಿಮರ್ಶೆಗಳಿವೆ. ಹನ್ನೊಂದೂ ಅವರ ಖಾತೆ ಪುಸ್ತಕದಲ್ಲಿ ಹೆಸರಿರುವ ಗಿರಾಕಿಗಳವು. ಅವುಗಳಲ್ಲೊಂದು, ಬೇಳೆಯಲ್ಲಿ ನುಚ್ಚು ಹೆಚ್ಚಿತ್ತೆಂಬ ದೂರು. ಅದನ್ನು ಅವರು ಹಾಗೆಯೇ ಉಳಿಸಿ, ಕೆಳಗೆ ‘ಚೀಲ ಬದಲಿಸಿ ಕೊಡಲಾಗಿದೆ’ ಎಂದು ಬರೆದಿದ್ದಾರೆ. ಕಳೆದ ಸುಗ್ಗಿಯಲ್ಲಿ ಸೊಲ್ಲಾಪುರದ ಹೊಸ ಖರೀದಿದಾರರೊಬ್ಬರು ಆ ಉತ್ತರವನ್ನು ಓದಿಯೇ ತಮಗೆ ಕರೆ ಮಾಡಿದರೆಂದು ಅವರು ನನಗೆ ತಿಳಿಸಿದರು. ನಮ್ಮ ಮೂರೂ ತಾಲೂಕುಗಳ ವ್ಯಾಪಾರಸ್ಥರು ಅಂತರಜಾಲಕ್ಕೆ ಕಾಲಿಡುವಾಗ ಗಂಜಿನ ಈ ಹಳೆಯ ಪತ್ತನ್ನೇ ಬಂಡವಾಳವಾಗಿ ಒಯ್ಯಲಿ ಎಂಬುದು ನನ್ನ ವಿನಂತಿ.